ಮಾಹಿತಿ ಸಾಕ್ಷರತೆ ಕಲಿಸುವುದು ಹೇಗೆ? ಶಾಲೆ ಮತ್ತು ಲೈಬ್ರರಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಲೈಬ್ರರಿಯಲ್ಲಿ ಕೂತವರಿಗೆ ಕೆಲವು ಪ್ರಶ್ನೆಗಳು ತಪ್ಪಿದ್ದಲ್ಲ. ಟೀಚರ್‌ಗಳು ಕೇಳುತ್ತಾರೆ, ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದ ಗ್ರಂಥಪಾಲಕರು ಕೇಳುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳೋದು ಅಂತ ಕೊನೆಗೆ ಬರೆದೇ ಇಟ್ಟೆ. ಮೊದಲಿಂದ ಕೊನೆತನಕ ಓದಬೇಕಿಲ್ಲ. ನಿಮ್ಮ ಪ್ರಶ್ನೆ ಎಲ್ಲಿದೆಯೋ ಅಲ್ಲಿಗೆ ಹೋಗಿ.

ಮಾಹಿತಿ ಸಾಕ್ಷರತೆ ಅಂದರೆ ಏನು? ಸುಲಭವಾಗಿ ಹೇಳಿ.

ನನಗೆ ಈಗ ಏನು ಗೊತ್ತಿಲ್ಲ ಅನ್ನೋದು ಮೊದಲು ಗೊತ್ತಾಗಬೇಕು. ಆಮೇಲೆ ಅದು ಎಲ್ಲಿ ಸಿಗುತ್ತದೆ, ಹೇಗೆ ಹುಡುಕಬೇಕು, ಸಿಕ್ಕಿದ್ದರಲ್ಲಿ ಯಾವುದನ್ನು ನಂಬಬೇಕು, ನಂಬಿದ್ದನ್ನು ಹೇಗೆ ಬಳಸಬೇಕು, ಯಾರಿಂದ ತಗೊಂಡೆ ಅಂತ ಹೇಗೆ ಹೇಳಬೇಕು ಅನ್ನೋದೂ ಗೊತ್ತಾಗಬೇಕು. ಇದಿಷ್ಟೂ ಬಂದರೆ ಮಾಹಿತಿ ಸಾಕ್ಷರತೆ ಬಂತು ಅಂತ ಅರ್ಥ.

ಹೆಸರು 1974ರದ್ದು. ಅಮೆರಿಕದ ಪಾಲ್ ಝುರ್ಕೋವ್‌ಸ್ಕಿ ಅಲ್ಲಿನ ಗ್ರಂಥಾಲಯ ಆಯೋಗಕ್ಕೆ ಕೊಟ್ಟ ವರದಿಯಲ್ಲಿ ಮೊದಲು ಬಳಸಿದರು. ಅವರ ಮನಸ್ಸಿನಲ್ಲಿದ್ದದ್ದು ಶಾಲೆಯ ಮಕ್ಕಳಲ್ಲ, ಕೆಲಸದ ಜಾಗದಲ್ಲಿ ಮಾಹಿತಿ ಬಳಸುವ ದೊಡ್ಡವರು. 1989ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಒಂದು ಸಮಿತಿ ಇದನ್ನೇ ಚಿಕ್ಕದಾಗಿ ಹೇಳಿತು: ಕಲಿಯೋದು ಹೇಗೆ ಅಂತ ಕಲಿತವರೇ ಮಾಹಿತಿ ಸಾಕ್ಷರರು. ನನಗೆ ಇದೇ ಹೆಚ್ಚು ಇಷ್ಟ.

ಅದನ್ನು ಕಂಪ್ಯೂಟರ್ ಕ್ಲಾಸಲ್ಲೇ ಕಲಿಸ್ತಾರಲ್ವಾ?

ಇಲ್ಲ. ಕಂಪ್ಯೂಟರ್ ಕ್ಲಾಸಲ್ಲಿ ಯಂತ್ರವನ್ನು ನಡೆಸುವುದು ಕಲಿಸುತ್ತಾರೆ. ಯಂತ್ರ ತೋರಿಸಿದ್ದನ್ನು ಏನು ಮಾಡಬೇಕು ಅನ್ನೋದು ಬೇರೆ ವಿಷಯ. ಕಂಪ್ಯೂಟರೇ ಇಲ್ಲದ ಲೈಬ್ರರಿಯಲ್ಲೂ ಇದನ್ನು ಚೆನ್ನಾಗಿ ಕಲಿಸಬಹುದು.

ಈಗಿನ ಮಕ್ಕಳು ಮೊಬೈಲ್ ಹಿಡಿದೇ ಹುಟ್ಟಿದವರು. ಅವರಿಗೆ ಹೇಳಿಕೊಡೋಕೆ ಏನಿದೆ?

ತುಂಬಾ ಇದೆ. ಬೆರಳು ಓಡುವ ವೇಗಕ್ಕೂ ತಲೆ ಓಡುವುದಕ್ಕೂ ಸಂಬಂಧ ಇಲ್ಲ.

ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ ಒಂದು ವೆಬ್‌ಸೈಟ್ ಇದೆ. 1998ರಲ್ಲಿ ಯಾರೋ ತಮಾಷೆಗೆ ಮಾಡಿದ್ದು. ಆ ಪ್ರಾಣಿ ಅಳಿವಿನ ಅಂಚಿನಲ್ಲಿದೆ, ಉಳಿಸಿ ಅಂತ ಅದರಲ್ಲಿ ಬರೆದಿದೆ. ಫೋಟೋಗಳೂ ಇವೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಡೊನಾಲ್ಡ್ ಲ್ಯೂ ಅವರ ತಂಡ ಈ ಸೈಟನ್ನು ಏಳನೇ ತರಗತಿಯ 25 ಮಕ್ಕಳಿಗೆ ತೋರಿಸಿತು. ಇಂಟರ್ನೆಟ್‌ನಲ್ಲಿ ಚೆನ್ನಾಗಿ ಓದಬಲ್ಲವರು ಅಂತಲೇ ಆರಿಸಿದ ಮಕ್ಕಳು ಇವರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ನಂಬಿದರು. ಇದು ಸುಳ್ಳು ಅಂತ ಹೇಳಿದ ಮೇಲೂ ಕೆಲವರಿಗೆ ಸುಳ್ಳು ಎಲ್ಲಿದೆ ಅಂತ ತೋರಿಸಲು ಆಗಲಿಲ್ಲ.

ನಗಬೇಡಿ. ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಅಂತ ನಾವು ಎಷ್ಟು ವರ್ಷ ನಂಬಿದ್ದೆವು, ನೆನಪಿದೆಯಾ? ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ 2003ರಲ್ಲಿ ಭೂಮಿಯ ಸುತ್ತ ಸುತ್ತಿ ಬಂದು, ಅಷ್ಟು ಹತ್ತಿರದಿಂದಲೂ ತನಗೆ ಅದು ಕಾಣಲಿಲ್ಲ ಅಂದರು. ಇನ್ನು ಚಂದ್ರನಿಂದ ಕಾಣೋದೆಲ್ಲಿ ಬಂತು.

ಯಾರು ಕಲಿಸಬೇಕು? ಟೀಚರೋ, ಲೈಬ್ರರಿಯವರೋ?

ಇಬ್ಬರೂ, ಅದೂ ಒಟ್ಟಿಗೆ ಕೂತು. ಟೀಚರ್‌ಗೆ ಪಾಠ ಗೊತ್ತು, ಮಕ್ಕಳು ಗೊತ್ತು. ಲೈಬ್ರರಿಯವರಿಗೆ ಯಾವುದು ಎಲ್ಲಿದೆ, ಹುಡುಕುವವರು ಎಲ್ಲಿ ಎಡವುತ್ತಾರೆ ಅನ್ನೋದು ಗೊತ್ತು. ಪ್ರಾಜೆಕ್ಟ್ ಕೊಡುವ ಮೊದಲೇ ಇಬ್ಬರೂ ಹತ್ತು ನಿಮಿಷ ಮಾತಾಡಿದರೆ ಅರ್ಧ ಕೆಲಸ ಆಯಿತು. ನಲವತ್ತು ಮಕ್ಕಳಿಗೆ ಒಂದೇ ವಿಷಯ ಕೊಟ್ಟು ಕಳಿಸಿ, ಆ ವಿಷಯಕ್ಕೆ ಲೈಬ್ರರಿಯಲ್ಲಿ ಇರೋದು ಎರಡೇ ಪುಸ್ತಕ ಅಂತಾದರೆ ಮಕ್ಕಳು ಏನು ಮಾಡಬೇಕು? ಒಬ್ಬರದ್ದು ನೋಡಿ ಒಬ್ಬರು ಬರೆಯುತ್ತಾರೆ. ತಪ್ಪು ಅವರದ್ದಲ್ಲ.

ವರ್ಷದ ಶುರುವಿನಲ್ಲಿ ಒಂದು ದಿನ ಲೈಬ್ರರಿ ತೋರಿಸಿದರೆ ಸಾಲದಾ?

ಸಾಲದು. ಪೆಟ್ಟು ತಿಂದೇ ಕಲಿತಿದ್ದೇನೆ.

ನಾನು ತೆಗೆದುಕೊಂಡ ಮೊದಲ ತರಗತಿ ಇವತ್ತಿಗೂ ನೆನಪಿದೆ. ನಲವತ್ತು ನಿಮಿಷ ಒಂದೇ ಸಮನೆ ಮಾತಾಡಿದೆ. ಕ್ಯಾಟಲಾಗ್ ಹೇಗೆ ನೋಡಬೇಕು, ಪುಸ್ತಕದ ಬೆನ್ನಿನ ನಂಬರ್ ಅಂದರೆ ಏನು, ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣ 1876ರಲ್ಲಿ ಹೇಗೆ ಬಂತು, ಎಲ್ಲ ಹೇಳಿದೆ. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯಾ ಅಂದೆ. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. ನನಗೋ ಖುಷಿ. "ಈಗ ಹೋಗಬಹುದಾ ಮಿಸ್?" ಅಂದ.

ಅವನಿಗೆ ಆ ದಿನ ಹುಡುಕಬೇಕಾದದ್ದು ಏನೂ ಇರಲಿಲ್ಲ, ಅಷ್ಟೇ. ಅದೇ ಹುಡುಗ ಎರಡು ತಿಂಗಳಾದ ಮೇಲೆ ಗೂಬೆಗಳ ಬಗ್ಗೆ ಬರೆಯಬೇಕು ಅಂತ ಬಂದ. 598 ಅಂದರೆ ಹಕ್ಕಿಗಳು, ಬಾ ಅಂತ ಕಪಾಟಿನ ಮುಂದೆ ನಿಲ್ಲಿಸಿದೆ. ಒಂದು ಪುಸ್ತಕ ಸಿಕ್ಕಿತು. ಅದರ ಎಡಕ್ಕೆ ಬಲಕ್ಕೆ ನೋಡು ಅಂದೆ. ಇನ್ನೂ ಮೂರು ಸಿಕ್ಕವು. "ಓ, ಅಕ್ಕಪಕ್ಕ ಎಲ್ಲ ಒಂದೇ ಜಾತಿದು ಇಟ್ಟಿರ್ತಾರಾ!" ಅಂದ. ನನ್ನ ನಲವತ್ತು ನಿಮಿಷದ ಭಾಷಣದಲ್ಲಿ ಈ ಮಾತು ಮೂರು ಸಲ ಬಂದಿತ್ತು. ಬೇಕಾದಾಗ ಹೇಳಿದ ಒಂದು ಮಾತು ತಲೆಯಲ್ಲಿ ನಿಲ್ಲುತ್ತದೆ. ಬೇಡದಾಗ ಹೇಳಿದ್ದೆಲ್ಲ ಗಾಳಿಗೆ.

ಹಾಗಾದರೆ ಎಲ್ಲಿಂದ ಶುರು ಮಾಡೋದು?

ಪ್ರಶ್ನೆಯಿಂದ. ವಿಷಯದಿಂದ ಅಲ್ಲ. ನಾವು ಜಾಸ್ತಿ ಎಡವುವುದು ಇಲ್ಲೇ.

"ನಿದ್ದೆ" ಅಂತ ಒಂದು ವಿಷಯ ಕೊಟ್ಟೆವು ಅಂತಿಟ್ಟುಕೊಳ್ಳಿ. ಮಗು ಸರ್ಚ್ ಪೆಟ್ಟಿಗೆಯಲ್ಲಿ ನಿದ್ದೆ ಅಂತ ಹೊಡೆಯುತ್ತದೆ. ಲಕ್ಷಗಟ್ಟಲೆ ಫಲಿತಾಂಶ. ಮೊದಲನೆಯದನ್ನು ತೆರೆದು ಬರೆದುಕೊಳ್ಳುತ್ತದೆ. ಕೆಲಸ ಮುಗಿಯಿತು, ಕಲಿತದ್ದು ಸೊನ್ನೆ.

ಅದರ ಬದಲು ಮಗುವನ್ನು ಕೂರಿಸಿ ಕೇಳಿ: ನಿದ್ದೆ ವಿಚಾರದಲ್ಲಿ ನಿನಗೆ ಏನು ತಿಳ್ಕೋಬೇಕು? ಮೊದಲು ಭುಜ ಹಾರಿಸುತ್ತದೆ. ಸ್ವಲ್ಪ ಹೊತ್ತು ಬಿಡಿ. "ನಿದ್ದೆ ಯಾಕೆ ಬೇಕು" ಅನ್ನುತ್ತದೆ. ಯಾರ ನಿದ್ದೆ? "ನಮ್ಮದು, ಓದೋರದ್ದು." ಓದೋರ ನಿದ್ದೆಗೆ ಏನಾಗಿದೆ? ಆಗ ಬರುತ್ತದೆ ನಿಜವಾದ ಪ್ರಶ್ನೆ: "ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿದರೆ ಬೆಳಗ್ಗೆ ನೆನಪಿರುತ್ತಾ?" ಇದಕ್ಕೆ ಉತ್ತರ ಬೇಕು ಅಂತ ಮಗುವಿಗೇ ಅನ್ನಿಸುತ್ತದೆ. ಹುಡುಕುವ ಪದಗಳೂ ಪ್ರಶ್ನೆಯಲ್ಲೇ ಸಿಕ್ಕವು: ನಿದ್ದೆ, ನೆನಪು, ಪರೀಕ್ಷೆ.

ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಪೂರ್ತಿ ಒಂದು ಪೀರಿಯಡ್ ಇದಕ್ಕೇ ಹೋದರೂ ದಂಡ ಅಂದುಕೊಳ್ಳಬೇಡಿ.

ಉತ್ಸಾಹದಿಂದ ಶುರು ಮಾಡಿದ ಮಗು ನಡುವೆ ಕೈಚೆಲ್ಲಿ ಕೂರುತ್ತದೆ. ಏನು ಮಾಡಲಿ?

ಮೊದಲು, ಇದು ಸಹಜ ಅಂತ ಮಗುವಿಗೆ ಹೇಳಿ. ಅಮೆರಿಕದ ಗ್ರಂಥಾಲಯ ಸಂಶೋಧಕಿ ಕ್ಯಾರಲ್ ಕುಲ್ತೌ ಅನ್ನುವವರು 1980ರ ದಶಕದಿಂದ ಪ್ರೌಢಶಾಲೆಯ ವಿದ್ಯಾರ್ಥಿಗಳು ಮಾಹಿತಿ ಹುಡುಕುವಾಗ ಅವರ ಮನಸ್ಸಿನಲ್ಲಿ ಏನಾಗುತ್ತದೆ ಅಂತ ಗಮನಿಸಿದರು. ವಿಷಯ ಆರಿಸಿಕೊಂಡಾಗ ಹುರುಪು ಇರುತ್ತದೆ. ಓದಲು ಶುರು ಮಾಡಿದ ಮೇಲೆ ಗೊಂದಲ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಒಂದು ಪುಸ್ತಕ ಹೀಗೆ ಹೇಳುತ್ತದೆ, ಇನ್ನೊಂದು ಹಾಗೆ. ನನಗೆ ತಲೆ ಇಲ್ಲ ಅಂತ ಮಗು ಅಂದುಕೊಳ್ಳುತ್ತದೆ. ಇದರಲ್ಲಿ ನಾನು ಬರೆಯಬೇಕಾದದ್ದು ಯಾವುದು ಅಂತ ಗಟ್ಟಿಯಾದ ಮೇಲೇ ಮತ್ತೆ ಧೈರ್ಯ ಬರುವುದು.

ನಾವು ಸಾಮಾನ್ಯವಾಗಿ ಸಹಾಯ ಮಾಡುವುದು ಶುರುವಿನಲ್ಲಿ, ಬೈಯುವುದು ಕೊನೆಯಲ್ಲಿ. ಕೈ ಹಿಡಿಯಬೇಕಾದದ್ದು ನಡುವೆ. ಪ್ರಾಜೆಕ್ಟ್‌ನ ಮಧ್ಯದಲ್ಲಿ ಒಂದು ದಿನ ಸುಮ್ನೆ ಕರೆದು "ಎಲ್ಲಿಗೆ ಬಂತು?" ಅಂತ ಕೇಳಿ. ಅಷ್ಟು ಸಾಕು.

ಹುಡುಕುವ ಪದಗಳನ್ನು ಹೇಗೆ ಕಲಿಸೋದು?

ಮೂರು ನಾಲ್ಕು ಉಪಾಯ ಸಾಕು, ಜಾಸ್ತಿ ತುಂಬಬೇಡಿ. ಎರಡು ಪದ ಒಟ್ಟಿಗೇ ಬರಬೇಕು ಅಂದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಬೇಡದ ಪದದ ಶುರುವಿಗೆ ಮೈನಸ್ ಹಾಕಿದರೆ ಗೂಗಲ್ ಅದನ್ನು ಬಿಡುತ್ತದೆ. ಲೈಬ್ರರಿ ಕ್ಯಾಟಲಾಗ್‌ಗಳಲ್ಲಿ ಆ್ಯಂಡ್, ಆರ್, ನಾಟ್ ಅನ್ನುವ ಮೂರು ಪದ ಕೆಲಸ ಮಾಡುತ್ತವೆ. ಇವು 19ನೇ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ಅವರ ತರ್ಕದಿಂದ ಬಂದವು. ಆ್ಯಂಡ್ ಹಾಕಿದರೆ ಫಲಿತಾಂಶ ಕಡಿಮೆಯಾಗುತ್ತದೆ, ಆರ್ ಹಾಕಿದರೆ ಜಾಸ್ತಿಯಾಗುತ್ತದೆ. ಮಕ್ಕಳು ಇದನ್ನು ಉಲ್ಟಾ ಅಂದುಕೊಳ್ಳುತ್ತಾರೆ. ಅವರನ್ನೇ ಎಬ್ಬಿಸಿ ನಿಲ್ಲಿಸಿ: "ಕನ್ನಡಕ ಇರುವವರು ಆ್ಯಂಡ್ ನೀಲಿ ಬ್ಯಾಗ್ ಇರುವವರು ನಿಲ್ಲಿ." ಇಬ್ಬರು ನಿಲ್ಲುತ್ತಾರೆ. "ಕನ್ನಡಕ ಆರ್ ನೀಲಿ ಬ್ಯಾಗ್" ಅಂದರೆ ಅರ್ಧ ಕ್ಲಾಸು ನಿಲ್ಲುತ್ತದೆ. ಮತ್ತೆ ಯಾರೂ ಮರೆಯುವುದಿಲ್ಲ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. ಆಡುಮಾತಿನ ಪದಕ್ಕೂ ಪುಸ್ತಕದ ಪದಕ್ಕೂ ಬೇರೆ ಬೇರೆ ಫಲಿತಾಂಶ ಬರುತ್ತದೆ. ನಿದ್ದೆ ಅಂತಲೂ ಹುಡುಕಿ, ನಿದ್ರೆ ಅಂತಲೂ ಹುಡುಕಿ. ಸಕ್ಕರೆ ಕಾಯಿಲೆ ಅಂತ ಒಮ್ಮೆ, ಮಧುಮೇಹ ಅಂತ ಒಮ್ಮೆ, ಡಯಾಬಿಟಿಸ್ ಅಂತ ಮತ್ತೊಮ್ಮೆ. ಒಂದೇ ವಿಷಯಕ್ಕೆ ಎಷ್ಟು ಹೆಸರಿದೆ ಅಂತ ಬೋರ್ಡಿನ ಮೇಲೆ ಬರೆಸುವುದೇ ಒಳ್ಳೆಯ ಆಟ.

ಒಂದು ವೆಬ್‌ಸೈಟನ್ನು ನಂಬಬಹುದೋ ಇಲ್ಲವೋ ಅಂತ ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ನಾನು ತುಂಬಾ ವರ್ಷ ಇದನ್ನು ತಪ್ಪಾಗಿ ಕಲಿಸಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲೆಲ್ಲ ನಾವು ಒಂದು ಪಟ್ಟಿ ಕೊಡುತ್ತಿದ್ದೆವು. ಅದರಲ್ಲಿ ಹೆಸರಾದದ್ದು 2004ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದ ಗ್ರಂಥಪಾಲಕಿ ಸಾರಾ ಬ್ಲೇಕ್ಸ್‌ಲಿ ಮಾಡಿದ ಕ್ರಾಪ್ ಪರೀಕ್ಷೆ. ಮಾಹಿತಿ ಹೊಸದಾ, ನಮ್ಮ ವಿಷಯಕ್ಕೆ ಸಂಬಂಧಪಟ್ಟಿದ್ದಾ, ಬರೆದವರು ಯಾರು, ಸರಿಯಾಗಿದೆಯಾ, ಯಾಕೆ ಬರೆದಿದ್ದಾರೆ ಅಂತ ಐದು ಪ್ರಶ್ನೆ. ಪ್ರಶ್ನೆಗಳಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳು ಅದೇ ಪುಟದಲ್ಲಿ ಕೂತು ಅದೇ ಪುಟವನ್ನೇ ಕೇಳುತ್ತಾರೆ. ಸುಳ್ಳು ಹೇಳುವವನನ್ನೇ "ನೀನು ಸುಳ್ಳು ಹೇಳ್ತೀಯಾ?" ಅಂತ ಕೇಳಿದ ಹಾಗೆ. ಚೆಂದದ ಲೋಗೋ, "ನಮ್ಮ ಬಗ್ಗೆ" ಅನ್ನುವ ಪುಟ, ಹೊಸ ದಿನಾಂಕ, ಇವನ್ನೆಲ್ಲ ಯಾರು ಬೇಕಾದರೂ ಹಾಕಬಹುದು.

2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 45 ಜನರನ್ನು ಪರೀಕ್ಷಿಸಿದರು. 10 ಜನ ಇತಿಹಾಸಕಾರರು, 25 ವಿದ್ಯಾರ್ಥಿಗಳು, ಉಳಿದ 10 ಜನ ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವುದನ್ನೇ ಕಸುಬು ಮಾಡಿಕೊಂಡವರು. ಮಕ್ಕಳ ವೈದ್ಯರ ಎರಡು ಸಂಘಗಳ ವೆಬ್‌ಸೈಟ್ ತೋರಿಸಿದರು. ಒಂದು ದೊಡ್ಡ, ಹಳೆಯ ಸಂಘ. ಇನ್ನೊಂದು ಅದರಿಂದ ಒಡೆದು ಬಂದ ಸಣ್ಣ ಗುಂಪು. ನೋಡಲು ಎರಡೂ ಗಂಭೀರವಾಗಿಯೇ ಇದ್ದವು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಣ್ಣ ಗುಂಪೇ ವಾಸಿ ಅಂದರು. ಇತಿಹಾಸಕಾರರಲ್ಲೂ ಕೆಲವರು ತಬ್ಬಿಬ್ಬಾದರು. ಪರಿಶೀಲಕರು ಮಾತ್ರ ಒಬ್ಬರೂ ತಪ್ಪಲಿಲ್ಲ.

ಅವರು ಮಾಡಿದ್ದು ಇಷ್ಟೇ. ಪುಟವನ್ನು ಪೂರ್ತಿ ಓದಲೇ ಇಲ್ಲ. ತಕ್ಷಣ ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳಿದ್ದಾರೆ ಅಂತ ನೋಡಿದರು. ಇದಕ್ಕೆ ಪಕ್ಕದ ಓದು ಅಂತ ನಾನು ಹೆಸರಿಟ್ಟುಕೊಂಡಿದ್ದೇನೆ. ಹೊಸಬರು ಬಂದರೆ ನಾವು ಅವರ ಅಂಗಿ ನೋಡಿ ಅಳೆಯುವುದಿಲ್ಲ, ಗೊತ್ತಿರುವವರ ಹತ್ತಿರ ವಿಚಾರಿಸುತ್ತೇವೆ, ಅಲ್ವಾ? ಅದೇ ಇದು.

ಮೈಕ್ ಕಾಲ್‌ಫೀಲ್ಡ್ 2019ರಲ್ಲಿ ಇದನ್ನು ಸಿಫ್ಟ್ ಅನ್ನುವ ನಾಲ್ಕು ಹೆಜ್ಜೆಯಾಗಿ ಮಾಡಿಕೊಟ್ಟರು. ನಿಲ್ಲು. ಹೇಳಿದವರು ಯಾರು ಅಂತ ವಿಚಾರಿಸು. ಇದೇ ವಿಷಯವನ್ನು ಇದಕ್ಕಿಂತ ಚೆನ್ನಾಗಿ ಬೇರೆ ಯಾರಾದರೂ ಬರೆದಿದ್ದಾರಾ ನೋಡು. ಮೂಲ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗು. ಇವುಗಳಲ್ಲಿ ಕಷ್ಟವಾದದ್ದು ಮೊದಲನೆಯದು. ಕೋಪ ಬಂದಾಗ, ಭಯವಾದಾಗ, "ನಾನು ಮೊದಲೇ ಹೇಳಿರಲಿಲ್ವಾ" ಅನ್ನಿಸಿದಾಗ ಬೆರಳು ನಿಲ್ಲುವುದಿಲ್ಲ. ದೊಡ್ಡವರದ್ದೂ ಅದೇ ಕತೆ.

ಫೋಟೋ, ವಿಡಿಯೋ ಇದ್ದರೆ ನಂಬಬಹುದಲ್ವಾ?

ನೀರು ನುಗ್ಗಿದ ರಸ್ತೆಯಲ್ಲಿ ಕಾರಿನ ಪಕ್ಕ ಶಾರ್ಕ್ ಈಜುತ್ತಿರುವ ಫೋಟೋ ನೀವೂ ನೋಡಿರಬಹುದು. ಜೋರು ಚಂಡಮಾರುತ ಬಂದಾಗೆಲ್ಲ ಅದು ಹೊಸ ಊರಿನ ಹೆಸರಿನಲ್ಲಿ ಬರುತ್ತದೆ. ಶಾರ್ಕ್ ನಿಜವೇ. ಆದರೆ ಥಾಮಸ್ ಪೆಶಾಕ್ ದಕ್ಷಿಣ ಆಫ್ರಿಕಾದ ಸಮುದ್ರದಲ್ಲಿ ತೆಗೆದ ಚಿತ್ರದ್ದು. ಅಲ್ಲಿ ಅದು ಒಂದು ಸಣ್ಣ ದೋಣಿಯ ಹಿಂದೆ ಬರುತ್ತಿತ್ತು. ಯಾರೋ ಕತ್ತರಿಸಿ ರಸ್ತೆಗೆ ಅಂಟಿಸಿದರು.

ಚಿತ್ರ ಕೊಟ್ಟು ಹುಡುಕುವುದನ್ನು ಮಕ್ಕಳಿಗೆ ತೋರಿಸಿ. ಇದಕ್ಕೆಂದೇ ಇರುವ ಟಿನ್‌ಐ ಅನ್ನುವ ಸೈಟ್ 2008ರಿಂದ ಇದೆ, ಗೂಗಲ್‌ನಲ್ಲಿ 2011ರಿಂದ. ಶಾರ್ಕ್ ಚಿತ್ರವನ್ನೇ ಕೊಟ್ಟು ಎಷ್ಟು ಊರಿನಲ್ಲಿ ಈಜಿದೆ ಅಂತ ಲೆಕ್ಕ ಹಾಕಿಸಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ವಿಕಿಪೀಡಿಯ ನೋಡಬೇಡಿ ಅಂತ ಮಕ್ಕಳಿಗೆ ಹೇಳಬೇಕಾ?

ಹೇಳಬೇಡಿ. ಹೇಳಿದರೂ ನೋಡುತ್ತಾರೆ, ನಿಮಗೆ ಹೇಳುವುದಿಲ್ಲ ಅಷ್ಟೇ. 2005ರಲ್ಲಿ ನೇಚರ್ ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ಹೋಲಿಸಿ ನೋಡಿದಾಗ, ವಿಕಿಪೀಡಿಯದಲ್ಲಿ ಲೇಖನಕ್ಕೆ ಸರಾಸರಿ ನಾಲ್ಕು ತಪ್ಪು, ಬ್ರಿಟಾನಿಕಾ ವಿಶ್ವಕೋಶದಲ್ಲಿ ಮೂರು ಸಿಕ್ಕಿದ್ದವು. ಬ್ರಿಟಾನಿಕಾದವರು ಆ ಹೋಲಿಕೆಯನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಹೇಗೆ ಬಳಸಬೇಕು ಅಂತ ಕಲಿಸಿ. ವಿಷಯದ ಒಂದು ಅಂದಾಜು ಸಿಗಲು ಮೊದಲು ಅಲ್ಲಿಗೆ ಹೋಗಲಿ. ಆಮೇಲೆ ಕೆಳಗಿನ ಉಲ್ಲೇಖಗಳಿಗೆ ಇಳಿದು, ಅಲ್ಲಿಂದ ಹೊರಗೆ ಹೋಗಲಿ. ಲೇಖನದ "ಚರ್ಚೆ" ಪುಟ ಮತ್ತು "ಇತಿಹಾಸ" ಪುಟವನ್ನು ಒಮ್ಮೆ ತೆರೆದು ತೋರಿಸಿ. ಒಂದು ವಾಕ್ಯಕ್ಕಾಗಿ ಜನ ಹೇಗೆ ಜಗಳ ಆಡುತ್ತಾರೆ ಅಂತ ನೋಡಿದ ಮಗುವಿಗೆ, ಜ್ಞಾನ ಅನ್ನೋದು ಆಕಾಶದಿಂದ ಬೀಳುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಎಐ ಚಾಟ್‌ಬಾಟ್ ಬಂದ ಮೇಲೆ ಇದೆಲ್ಲ ಇನ್ನೂ ಬೇಕಾ?

ಮೊದಲಿಗಿಂತ ಜಾಸ್ತಿ ಬೇಕು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಮರುವರ್ಷವೇ ನ್ಯೂಯಾರ್ಕ್‌ನಲ್ಲಿ ವಕೀಲರು ಅದು ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ ಸಿಕ್ಕಿಬಿದ್ದರು. ಆ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ಈ ಯಂತ್ರಗಳು ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಅಂತ ನೋಡಿ ವಾಕ್ಯ ಕಟ್ಟುತ್ತವೆ. ಹಾಗಾಗಿ ಗೊತ್ತಿದ್ದಾಗಲೂ ಗೊತ್ತಿಲ್ಲದಾಗಲೂ ಒಂದೇ ಧೈರ್ಯದ ದನಿ.

ಒಂದು ಅಭ್ಯಾಸ ಮಾಡಿಸಿ. ಚಾಟ್‌ಬಾಟ್‌ಗೆ ತೀರಾ ಸಣ್ಣ ವಿಷಯವೊಂದರ ಮೇಲೆ ಐದು ಪುಸ್ತಕಗಳ ಹೆಸರು ಕೇಳಿ. ಆ ಪಟ್ಟಿ ಹಿಡಿದು ಮಕ್ಕಳು ಕ್ಯಾಟಲಾಗ್‌ಗಳಲ್ಲಿ ಹುಡುಕಲಿ. ಒಮ್ಮೆ ಐದೂ ಸಿಗುತ್ತವೆ. ಒಮ್ಮೆ ಲೇಖಕರು ನಿಜ, ಪುಸ್ತಕ ಸುಳ್ಳು. ಎರಡೂ ಒಳ್ಳೆಯ ಪಾಠವೇ.

ಮಕ್ಕಳು ಇದ್ದದ್ದನ್ನು ಇದ್ದ ಹಾಗೇ ಕಾಪಿ ಮಾಡುತ್ತಾರೆ. ಹೇಗೆ ತಡೆಯೋದು?

ಒಮ್ಮೆ ಒಬ್ಬ ಹುಡುಗಿ ಕೊಟ್ಟ ಪ್ರಾಜೆಕ್ಟ್‌ನಲ್ಲಿ, ವಿಕಿಪೀಡಿಯದಲ್ಲಿ ಇರುವ ಹಾಗೆಯೇ, ಪ್ರತಿ ತಲೆಬರಹದ ಪಕ್ಕ "ಸಂಪಾದಿಸಿ" ಅಂತ ಪ್ರಿಂಟ್ ಆಗಿತ್ತು. ವಾಕ್ಯದ ನಡುವೆ ಚೌಕ ಕಂಸದಲ್ಲಿ ಪುಟಾಣಿ ಸಂಖ್ಯೆಗಳು ಬೇರೆ. ಪಾಪ, ಓದಿದ್ದರೆ ತೆಗೆಯುತ್ತಿದ್ದಳು.

ಬೈದರೆ ಪ್ರಯೋಜನ ಇಲ್ಲ. "ಗೂಬೆಯ ಬಗ್ಗೆ ಬರೆಯಿರಿ" ಅಂದರೆ ಕಾಪಿಯೇ ಬರುವುದು. "ಗೂಬೆ ಹಾರುವಾಗ ಸದ್ದು ಯಾಕೆ ಆಗಲ್ಲ, ನಿನ್ನ ತಂಗಿಗೆ ಅರ್ಥವಾಗುವ ಹಾಗೆ ಬರೆ" ಅಂದರೆ ಕಾಪಿ ಮಾಡಲು ಎಲ್ಲೂ ಸಿಗುವುದಿಲ್ಲ. ಇನ್ನೊಂದು: ಓದಿದ ಪುಸ್ತಕ ಮುಚ್ಚಿಟ್ಟು ಟಿಪ್ಪಣಿ ಬರೆಸಿ. ನೆನಪಿದ್ದದ್ದು ತಾನಾಗಿಯೇ ಸ್ವಂತ ಮಾತಿನಲ್ಲಿ ಬರುತ್ತದೆ. ಎಲ್ಲಿಂದ ತಗೊಂಡೆ ಅಂತ ಬರೆಯುವುದು ಸಣ್ಣ ತರಗತಿಯಿಂದಲೇ ರೂಢಿಯಾಗಲಿ. ಮೊದಲಿಗೆ ಪುಸ್ತಕದ ಹೆಸರು, ಬರೆದವರ ಹೆಸರು ಇಷ್ಟೇ ಸಾಕು.

ಯಾವ ವಯಸ್ಸಿನಿಂದ ಶುರು ಮಾಡಬಹುದು?

ಓದಲು ಬರುವ ಮೊದಲೇ. ಚಿತ್ರಪುಸ್ತಕ ಓದಿ ಹೇಳಿ, "ಇದು ನಿಜವಾಗಿ ಆಗಿದ್ದಾ, ಕತೆಯಾ? ನಿನಗೆ ಹೇಗೆ ಗೊತ್ತಾಯ್ತು?" ಅಂತ ಕೇಳಿ. ಎರಡನೇ ಪ್ರಶ್ನೆಯೇ ಮುಖ್ಯ.

ಇಷ್ಟೆಲ್ಲ ಕಲಿಸಿದರೆ ಮಕ್ಕಳು ಯಾವುದನ್ನೂ ನಂಬದ ಹಾಗೆ ಆಗಲ್ವಾ?

ಆಗುತ್ತದೆ, ನಾವು ಬರೀ ಸುಳ್ಳು ಸುದ್ದಿಗಳನ್ನೇ ತೋರಿಸುತ್ತಾ ಹೋದರೆ. "ಎಲ್ಲ ಸುಳ್ಳು ಬಿಡಿ ಮಿಸ್" ಅಂದ ಹುಡುಗಿಯನ್ನು ಕಂಡ ದಿನ ನನಗೆ ಹೆದರಿಕೆಯಾಯಿತು. ಎಲ್ಲವನ್ನೂ ನಂಬುವವರೂ ಏನನ್ನೂ ನಂಬದವರೂ ಒಂದೇ ಕಡೆ ನಿಂತಿರುತ್ತಾರೆ. ಇಬ್ಬರಿಗೂ ವಿಚಾರಿಸುವ ತೊಂದರೆ ಬೇಡ. ಆಮೇಲಿಂದ ನಾನು ಪ್ರತಿ ಸಲ ಮೂರು ಉದಾಹರಣೆ ಕೊಟ್ಟರೆ, ಅದರಲ್ಲಿ ಎರಡು ನಂಬಲು ಅರ್ಹವಾದವೇ ಇರುತ್ತವೆ. ಕೇಳಿದರೆ ಸುಳ್ಳು ಅನ್ನಿಸಬೇಕು, ನೋಡಿದರೆ ನಿಜ ಆಗಿರಬೇಕು. ಆಕ್ಟೋಪಸ್‌ಗೆ ಮೂರು ಹೃದಯ ಇದೆ ಅನ್ನುವಂಥದ್ದು.

ನಮ್ಮಲ್ಲಿ ಇಂಟರ್ನೆಟ್ ಇಲ್ಲ.

ಪರವಾಗಿಲ್ಲ. ಒಂದೇ ದಿನದ ಎರಡು ಪತ್ರಿಕೆ ತಂದು ಒಂದೇ ಸುದ್ದಿಯನ್ನು ಹೋಲಿಸಿ. ಜಾಹೀರಾತು ಯಾವುದು, ಸುದ್ದಿ ಯಾವುದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಪುಸ್ತಕದ ಹಿಂದಿನ ಪದಸೂಚಿಯಿಂದ ಪುಟ ಹುಡುಕುವ ಪಂದ್ಯ ಇಡಿ. ಹಳೆಯ ವಿಶ್ವಕೋಶ ಇದ್ದರೆ ಇನ್ನೂ ಒಳ್ಳೆಯದು. ಪ್ಲೂಟೊ ಗ್ರಹ ಅಂತಲೇ ಅದರಲ್ಲಿ ಇರುತ್ತದೆ. 2006ರಲ್ಲಿ ಏನಾಯಿತು ಅಂತ ಹುಡುಕಲು ಕಳಿಸಿ.

ಕಲಿತಿದ್ದಾರೋ ಇಲ್ಲವೋ ಅಂತ ಅಳೆಯುವುದು ಹೇಗೆ?

ಬಹು ಆಯ್ಕೆಯ ಪ್ರಶ್ನೆಪತ್ರಿಕೆಯಿಂದ ಆಗದು. ಪ್ರಾಜೆಕ್ಟ್ ಜೊತೆ ಒಂದು ಪುಟ ಹೆಚ್ಚಿಗೆ ಬರೆಸಿ: ಏನು ಹುಡುಕಿದೆ, ಏನು ಸಿಗಲಿಲ್ಲ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ. ನಾನು ಮೊದಲು ಓದುವುದು ಆ ಪುಟವನ್ನೇ. ಅಂಕವೂ ಅದಕ್ಕೇ ಜಾಸ್ತಿ.

ಮಗು ಕೇಳಿದ್ದಕ್ಕೆ ನನಗೇ ಉತ್ತರ ಗೊತ್ತಿಲ್ಲದಿದ್ದರೆ?

ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಗೊತ್ತಿಲ್ಲ ಅನ್ನಿ, ಎಲ್ಲರ ಮುಂದೆಯೇ ಹುಡುಕಿ. ಮನಸ್ಸಿನಲ್ಲಿ ಅಂದುಕೊಳ್ಳುವುದನ್ನೆಲ್ಲ ಜೋರಾಗಿ ಹೇಳುತ್ತಾ ಹುಡುಕಿ.

ಒಂದು ದಿನ ಒಬ್ಬಳು ಕೇಳಿದಳು: "ಮೀನು ನಿದ್ದೆ ಮಾಡುತ್ತಾ ಮಿಸ್? ಕಣ್ಣೇ ಮುಚ್ಚಲ್ವಲ್ಲ." ಪರದೆಯ ಮೇಲೆ ಹುಡುಕಲು ಶುರು ಮಾಡಿದೆ. ಮೊದಲು ಸಿಕ್ಕಿದ್ದು ಮೀನಿನ ತೊಟ್ಟಿ ಮಾರುವವರ ಪುಟ. "ಇವರಿಗೆ ತೊಟ್ಟಿ ಮಾರಬೇಕು, ಉತ್ತರ ಸರಿ ಇರಬಹುದು, ಆದರೂ ಇನ್ನೊಬ್ಬರನ್ನು ಕೇಳೋಣ" ಅಂದೆ. ಎರಡನೆಯದು ಯಾರು ಬರೆದಿದ್ದು ಅಂತಲೇ ಇರಲಿಲ್ಲ. ಮೂರನೆಯದು ಒಂದು ವಸ್ತುಸಂಗ್ರಹಾಲಯದ್ದು. ಅದರ ಹೆಸರನ್ನು ಬೇರೆ ಟ್ಯಾಬ್‌ನಲ್ಲಿ ಹಾಕಿ ನೋಡಿದೆವು. ಕೊನೆಗೆ ಕಪಾಟಿನ ಪುಸ್ತಕದಲ್ಲೂ ಅದೇ ಸಿಕ್ಕಿತು. ಹೆಚ್ಚಿನ ಮೀನುಗಳಿಗೆ ರೆಪ್ಪೆಯೇ ಇಲ್ಲ, ಹಾಗಾಗಿ ಕಣ್ಣು ಮುಚ್ಚುವ ಮಾತೇ ಇಲ್ಲ, ಆದರೂ ವಿಶ್ರಾಂತಿ ಪಡೆಯುತ್ತವೆ. ಗಿಣಿಮೀನುಗಳಲ್ಲಿ ಕೆಲವು ರಾತ್ರಿ ಮೈಸುತ್ತ ಲೋಳೆಯ ಗೂಡು ಕಟ್ಟಿಕೊಂಡು ಮಲಗುತ್ತವೆ. ಒಟ್ಟು ಹನ್ನೊಂದು ನಿಮಿಷ ಹಿಡಿಯಿತು. ಪಾಠ ಅರ್ಧಕ್ಕೇ ನಿಂತಿತ್ತು.

"ಹಾಗಾದ್ರೆ ಶಾರ್ಕ್?" ಅಂದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಮಾರನೇ ದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಹೊರಗೆ ಮೂರು ಜನ ನಿಂತಿದ್ದರು.